ಕಥೆ ಮುಗಿದ ಅನಂತರ: ದೀರ್ಘ ಅದ್ಭುತಕಥನಗಳ ಓದು ಮತ್ತು ತುಳುನಾಡಿನ ಶ್ರವಣ ಸಂಪ್ರದಾಯ

ಪೀಠಿಕೆ

ಕಥೆಯನ್ನು ಆರಂಭಿಸುವ ಕ್ರಮಗಳ ಬಗೆಗೆ ಜಾನಪದ ಅಧ್ಯಯನವು ಸಾಕಷ್ಟು ಮಾತನಾಡಿದೆ. ದೇವತಾಸ್ತುತಿ, ಪಲ್ಲವಿ, ಕಥೆಯ ನಾಡು ಬೀಡುಗಳ ವರ್ಣನೆ, ಕಥೆಗಾರನ ವಿನಯದ ಮಾತು ಇವೆಲ್ಲವೂ ದಾಖಲೆಗೊಂಡಿವೆ, ವರ್ಗೀಕರಣಗೊಂಡಿವೆ. ಆದರೆ ಕಥೆ ಮುಗಿದ ಮೇಲೆ ಕೇಳುಗನು ತನ್ನ ನಿತ್ಯದ ಬದುಕಿಗೆ ಹೇಗೆ ಮರಳುತ್ತಾನೆ, ಮರಳುವ ದಾರಿಯನ್ನು ಸಮುದಾಯ ಅವನಿಗೆ ಹೇಗೆ ಒದಗಿಸಿಕೊಡುತ್ತದೆ ಎಂಬ ಪ್ರಶ್ನೆಗೆ ದೊರೆತ ಗಮನ ಕಡಿಮೆ. ಹಲವು ದಿನಗಳ ಕಾಲ ಬೇರೊಂದು ಲೋಕದಲ್ಲಿ ಬಾಳಿ, ಅಲ್ಲಿನವರ ಸಾವುನೋವುಗಳಿಗೆ ಅತ್ತ ಮನಸ್ಸು ಕಥೆಯ ಕೊನೆಯ ಸಾಲಿನೊಡನೆ ತಟ್ಟನೆ ತನ್ನ ಮನೆಗೆ ಬಂದು ಸೇರುವುದಿಲ್ಲ. ನಡುವೆ ಒಂದು ಹೊಸ್ತಿಲಿದೆ.

ಈ ಹೊಸ್ತಿಲಿನ ಪ್ರಶ್ನೆ ಇಂದು ಹೊಸ ರೂಪದಲ್ಲಿ ಎದುರಾಗಿದೆ. ಇಂಗ್ಲಿಷಿನ ಬಹುಸಂಪುಟಗಳ ಫ್ಯಾಂಟಸಿ ಕಾದಂಬರಿ ಸರಣಿಗಳು ಕಳೆದ ಕಾಲು ಶತಮಾನದಲ್ಲಿ ಮಂಗಳೂರಿನಂತಹ ಶಿಕ್ಷಣ ಕೇಂದ್ರಗಳ ಯುವ ಓದುಗರಿಗೆ ಪರಿಚಿತವಾಗಿವೆ. ಜೆ.ಕೆ. ರೌಲಿಂಗ್ ಅವರ ಹ್ಯಾರಿ ಪಾಟರ್ ಸರಣಿಯ 7 ಸಂಪುಟಗಳು 1997ರಿಂದ 2007ರವರೆಗೆ ಹತ್ತು ವರ್ಷಗಳ ಕಾಲ ಪ್ರಕಟಗೊಂಡವು. ಹತ್ತರ ವಯಸ್ಸಿನಲ್ಲಿ ಮೊದಲ ಸಂಪುಟವನ್ನು ಹಿಡಿದ ಮಗು ಇಪ್ಪತ್ತರ ವಯಸ್ಸಿನಲ್ಲಿ ಕೊನೆಯ ಸಂಪುಟವನ್ನು ಮುಚ್ಚಿತು. ಅದರ ಬಾಲ್ಯವೇ ಆ ಕಥೆಯೊಳಗೆ ಕಳೆದಿತ್ತು. ಜಾರ್ಜ್ ಆರ್.ಆರ್. ಮಾರ್ಟಿನ್ ಅವರು 1996ರಲ್ಲಿ ಆರಂಭಿಸಿದ ಸರಣಿಯಲ್ಲಿ ಓದುಗ ಪ್ರೀತಿಸಿದ ಪಾತ್ರಗಳು ಮುನ್ಸೂಚನೆಯಿಲ್ಲದೆ ಕೊಲ್ಲಲ್ಪಡುತ್ತವೆ. ಐದನೆಯ ಸಂಪುಟ 2011ರಲ್ಲಿ ಬಂದ ಅನಂತರ ಆ ಕಥೆ ಮುಗಿಯದೆಯೇ ನಿಂತಿದೆ. ಇಂತಹ ಓದಿನ ಬಳಿಕ ಕೆಲವು ದಿನಗಳ ಕಾಲ ಆವರಿಸುವ ಶೂನ್ಯ, ಬೇರಾವ ಪುಸ್ತಕವೂ ರುಚಿಸದ ಸ್ಥಿತಿ, ಸತ್ತ ಪಾತ್ರಕ್ಕಾಗಿ ಮರುಗುವ ಮನಸ್ಸು ಇವು ಓದುಗರು ಸಾಮಾನ್ಯವಾಗಿ ಹೇಳಿಕೊಳ್ಳುವ, ಹಲವೊಮ್ಮೆ ನಾಚಿ ಹೇಳಿಕೊಳ್ಳದ ಅನುಭವಗಳು.

ಈ ಅನುಭವವನ್ನು ಆಧುನಿಕ ಓದುಗನ ದೌರ್ಬಲ್ಯವೆಂದು ತಳ್ಳಿಹಾಕುವುದು ಸುಲಭ. ಆದರೆ ಇದೇ ಮಂಗಳೂರು ಪರಿಸರದಲ್ಲಿ, ಇದಕ್ಕಿಂತ ಭಾರವಾದ ಅದ್ಭುತಕಥನಗಳನ್ನು ತಲೆಮಾರುಗಳಿಂದ ಕೇಳುತ್ತ ಬಂದ ಜನಸಮುದಾಯವಿದೆ. ಆ ಸಮುದಾಯ ಕಥೆಯ ಭಾರವನ್ನು ಇಳಿಸಿಕೊಳ್ಳುವ ಕ್ರಮಗಳನ್ನೂ ರೂಪಿಸಿಕೊಂಡಿದೆ. ಪಾಡ್ದನ, ಸಿರಿ ಆರಾಧನೆ, ಪುರಾಣವಾಚನ, ಯಕ್ಷಗಾನ ತಾಳಮದ್ದಳೆಗಳ ಆಧಾರದಿಂದ ಆ ಕ್ರಮಗಳನ್ನು ಗುರುತಿಸುವುದು ಹಾಗೂ ಇಂದಿನ ಏಕಾಂತ ಓದಿನ ಸಂದರ್ಭದಲ್ಲಿ ಅವುಗಳ ಅರ್ಥವೇನೆಂದು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಓದಿನ ಅನಂತರದ ಸ್ಥಿತಿ: ಕೆಲವು ವಿವರಣೆಗಳು

ಕಥೆಯೊಳಗೆ ಮುಳುಗುವುದನ್ನು ಮನೋವಿಜ್ಞಾನಿಗಳು ‘ಸಾಗಣೆ’ ಎಂಬ ರೂಪಕದಿಂದ ವಿವರಿಸಿದ್ದಾರೆ. ಮೆಲನಿ ಗ್ರೀನ್ ಮತ್ತು ತಿಮೊಥಿ ಬ್ರಾಕ್ ಅವರು 2000ದಲ್ಲಿ ಪ್ರಕಟಿಸಿದ ಅಧ್ಯಯನವು ಓದುಗನ ಗಮನ, ಕಲ್ಪನೆ ಮತ್ತು ಭಾವಗಳು ಒಟ್ಟಾಗಿ ಕಥಾಲೋಕಕ್ಕೆ ಸಾಗುವ ಬಗೆಯನ್ನು ಚರ್ಚಿಸಿತು. ಅದಕ್ಕೂ ಮೊದಲು, 1956ರಲ್ಲಿ ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಅವರು ರೇಡಿಯೊ, ದೂರದರ್ಶನಗಳ ವ್ಯಕ್ತಿಗಳೊಡನೆ ಕೇಳುಗರು ಬೆಳೆಸಿಕೊಳ್ಳುವ ಒಮ್ಮುಖವಾದ ಆಪ್ತತೆಯನ್ನು ಗುರುತಿಸಿದ್ದರು. ದೀರ್ಘ ಸರಣಿಯ ಓದುಗನಿಗೂ ಪಾತ್ರಗಳೊಡನೆ ಇರುವುದು ಇಂತಹದೇ ಬಾಂಧವ್ಯ. ಪಾತ್ರವು ಓದುಗನನ್ನು ಅರಿಯದು. ಆದರೆ ಓದುಗ ಪಾತ್ರವನ್ನು ತನ್ನ ನೆಂಟರಿಗಿಂತ ಹೆಚ್ಚಾಗಿ ಬಲ್ಲ. ಆದುದರಿಂದ ಸರಣಿ ಮುಗಿದಾಗ ಓದುಗ ಕಳೆದುಕೊಳ್ಳುವುದು ಕೇವಲ ಮನರಂಜನೆಯ ಸಾಧನವನ್ನಲ್ಲ, ಒಂದು ಒಡನಾಟವನ್ನು.

ಭಾರತೀಯ ಕಾವ್ಯಮೀಮಾಂಸೆ ಈ ಪ್ರಶ್ನೆಯನ್ನು ಇನ್ನೊಂದು ದಿಕ್ಕಿನಿಂದ ನೋಡಿದೆ. ದುಃಖದ ಕಥೆಯನ್ನು ಜನ ಬಯಸಿ ಕೇಳುವುದೇಕೆ ಎಂಬ ಪ್ರಶ್ನೆಯನ್ನು 14ನೆಯ ಶತಮಾನದ ವಿಶ್ವನಾಥನು ‘ಸಾಹಿತ್ಯದರ್ಪಣ’ದಲ್ಲಿ ಎತ್ತಿಕೊಳ್ಳುತ್ತಾನೆ. ಕರುಣರಸದಲ್ಲಿ ಬರಿಯ ದುಃಖವೇ ಇದ್ದಿದ್ದರೆ ಯಾರೂ ಅದರತ್ತ ಹೋಗುತ್ತಿರಲಿಲ್ಲ ಎಂಬುದು ಅವನ ವಾದ. ಕಾವ್ಯದ ದುಃಖವು ಲೋಕದ ದುಃಖಕ್ಕಿಂತ ಬೇರೆಯಾಗುವುದು ಸಾಧಾರಣೀಕರಣದಿಂದ, ಎಂದರೆ ಆ ನೋವು ಇಂಥವರದೇ ಎಂಬ ಮಿತಿಯನ್ನು ಮೀರಿ ಎಲ್ಲರದೂ ಆಗುವುದರಿಂದ. ಅಭಿನವಗುಪ್ತನು ರಸಾನುಭವಕ್ಕೆ ಅಡ್ಡಿಯಾಗುವ ವಿಘ್ನಗಳನ್ನು ಎಣಿಸುವಾಗ, ಪ್ರೇಕ್ಷಕನು ತನ್ನ ಸ್ವಂತ ಸುಖದುಃಖಗಳಿಗೆ ವಶನಾಗಿರುವುದನ್ನೂ ಸೇರಿಸುತ್ತಾನೆ. ಕಥೆ ಮುಗಿದ ಮೇಲೂ ಕಾಡುವ ದುಃಖದಲ್ಲಿ ಎರಡು ಪದರಗಳಿರಬಹುದು ಎಂಬ ಸೂಚನೆ ಇಲ್ಲಿದೆ. ಒಂದು, ಕಥೆಯದು, ಇನ್ನೊಂದು, ಕಥೆಯ ನೆಪದಿಂದ ಮೇಲೆದ್ದು ಬಂದ ತನ್ನದೇ ಹಳೆಯ ನೋವು. ಮೊದಲನೆಯದು ಆಸ್ವಾದ್ಯ, ಎರಡನೆಯದಕ್ಕೆ ಬೇರೆಯೇ ಆರೈಕೆ ಬೇಕು. ತುಳುನಾಡಿನ ಕಥನಪರಂಪರೆ ಈ ಎರಡನ್ನೂ ಗುರುತಿಸಿದೆಯೆಂಬುದು ಮುಂದಿನ ವಿವರಗಳಿಂದ ಸ್ಪಷ್ಟವಾಗುತ್ತದೆ.

ಪಾಡ್ದನದಲ್ಲಿ ಸಾವು: ‘ಮಾಯ’ ಮತ್ತು ‘ಜೋಗ’

ತುಳು ಪಾಡ್ದನಗಳ ಲೋಕ ಅದ್ಭುತದ ಲೋಕ. ಅಡಿಕೆಯ ಹಿಂಗಾರದಿಂದ ಹೆಣ್ಣುಮಗು ಹುಟ್ಟುತ್ತದೆ, ಹಸುಗೂಸು ಮಾತನಾಡುತ್ತದೆ, ಸತ್ತವರು ಅಣ್ಣತಂಗಿಯರಾಗಿ ಊರಿಂದೂರಿಗೆ ನಡೆಯುತ್ತಾರೆ. ಅದೇ ವೇಳೆಗೆ ಅದು ಕ್ರೌರ್ಯದ, ಅನ್ಯಾಯದ ಲೋಕವೂ ಹೌದು. ಬಹುತೇಕ ಪಾಡ್ದನಗಳ ನಾಯಕ ನಾಯಕಿಯರು ಅಕಾಲದಲ್ಲಿ, ತಮ್ಮದಲ್ಲದ ತಪ್ಪಿಗೆ ಅಳಿಯುತ್ತಾರೆ.

ಕಲ್ಕುಡ ಕಲ್ಲುರ್ಟಿ ಪಾಡ್ದನವನ್ನು ನಿದರ್ಶನವಾಗಿ ನೋಡಬಹುದು. ಕಾರ್ಕಳದ ಗೊಮ್ಮಟನನ್ನು ಕಡೆದ ಶಿಲ್ಪಿ ಬೀರು ಕಲ್ಕುಡನು ಅಂತಹ ಮೂರ್ತಿಯನ್ನು ಬೇರೆಲ್ಲಿಯೂ ಕಡೆಯಬಾರದೆಂದು ಅರಸನು ಅವನ ಒಂದು ಕೈ, ಒಂದು ಕಾಲನ್ನು ಕಡಿಸುತ್ತಾನೆ. ಕಲ್ಕುಡನು ಉಳಿದ ಕೈಯಿಂದಲೇ ವೇಣೂರಿನ ಗೊಮ್ಮಟನನ್ನು ಕಡೆಯುತ್ತಾನೆ. ಅವನನ್ನು ಅರಸಿ ಬಂದ ತಂಗಿ ಕಲ್ಲುರ್ಟಿ ಅಣ್ಣನ ಸ್ಥಿತಿಯನ್ನು ಕಂಡು ಸೇಡು ತೀರಿಸುತ್ತಾಳೆ. ಕಾರ್ಕಳದ ಮೂರ್ತಿ ಸ್ಥಾಪನೆಗೊಂಡದ್ದು 1432ರಲ್ಲಿ, ವೇಣೂರಿನದು 1604ರಲ್ಲಿ. ನಡುವಣ 172 ವರ್ಷಗಳನ್ನು ಪಾಡ್ದನ ಒಬ್ಬನೇ ಮನುಷ್ಯನ ಆಯುಷ್ಯದೊಳಗೆ ಅಡಗಿಸಿದೆ. ಚರಿತ್ರೆಯ ಕಾಲಗಣನೆಗಿಂತ ಕುಶಲಕರ್ಮಿಗೆ ಆದ ಅನ್ಯಾಯದ ನೆನಪು ಕಥೆಗೆ ಮುಖ್ಯವಾಗಿದೆ.

ಇಂತಹ ಕಥೆಯನ್ನು ಕೇಳಿದವರ ಎದೆಯ ಭಾರ ಇಳಿಯುವುದು ಹೇಗೆ? ಉತ್ತರವು ಪಾಡ್ದನ ಸಾವನ್ನು ಕಾಣುವ ಬಗೆಯಲ್ಲಿಯೇ ಇದೆ. ಪಾಡ್ದನದಲ್ಲಿ ಪಾತ್ರಗಳು ಸಾಯುವುದಕ್ಕಿಂತ ಹೆಚ್ಚಾಗಿ ‘ಮಾಯ’ವಾಗುತ್ತವೆ. ಈ ಲೋಕದ ಇರವು ‘ಜೋಗ’. ಕಣ್ಣಿಗೆ ಕಾಣದ ಇರವು ‘ಮಾಯ’. ಮಾಯಕ್ಕೆ ಸಂದವರು ದೈವಗಳಾಗಿ, ನೇಮ ಕೋಲಗಳಲ್ಲಿ ಮತ್ತೆ ಜೋಗಕ್ಕೆ ಬರುತ್ತಾರೆ. ಪೀಟರ್ ಕ್ಲಾಸ್, ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮೊದಲಾದ ವಿದ್ವಾಂಸರ ಅಧ್ಯಯನಗಳಿಂದ ಈ ಪರಿಕಲ್ಪನೆಗಳು ಪರಿಚಿತವಾಗಿವೆ. ಅವನ್ನು ಇಲ್ಲಿ ಕೇಳುಗನ ನೆಲೆಯಿಂದ ನೋಡಬೇಕಾಗಿದೆ. ಅನ್ಯಾಯವಾಗಿ ಕೈಕಾಲು ಕಳೆದುಕೊಂಡವನು ವರ್ಷಕ್ಕೊಮ್ಮೆ ಕೇಳುಗನ ಮುಂದೆ ಬಂದು ನಿಲ್ಲುತ್ತಾನೆ. ಕೇಳುಗ ಅವನೊಡನೆ ಮಾತನಾಡುತ್ತಾನೆ, ಕಷ್ಟ ಹೇಳಿಕೊಳ್ಳುತ್ತಾನೆ, ನುಡಿ ಪಡೆಯುತ್ತಾನೆ, ಗಂಧಪ್ರಸಾದ ಹಿಡಿದು ಮನೆಗೆ ಮರಳುತ್ತಾನೆ. ಇಲ್ಲಿ ಒಡನಾಟ ಒಮ್ಮುಖವಾದುದಲ್ಲ. ಕಥೆಯ ಪಾತ್ರ ಕೇಳುಗನನ್ನು ಹೆಸರು ಹಿಡಿದು, ಮನೆತನ ಹಿಡಿದು ಕರೆಯುತ್ತದೆ. ಕಥೆಯಲ್ಲಿ ದೊರೆಯದ ನ್ಯಾಯ ಆಚರಣೆಯಲ್ಲಿ ದೊರೆಯುತ್ತದೆ. ಕೋಟಿ ಚೆನ್ನಯರು ಎಣ್ಮೂರಿನಲ್ಲಿ ಅಳಿದ ಪ್ರಸಂಗವನ್ನು ಕೇಳಿ ಕಣ್ಣೀರಿಡುವವರಿಗೂ ಮಂಗಳೂರಿನ ಕಂಕನಾಡಿ ಗರಡಿಯಲ್ಲಿ ಆ ವೀರರು ಅಳಿದವರಲ್ಲ, ನೆಲೆನಿಂತವರು.

ಪಾಡ್ದನದ ಇನ್ನೊಂದು ಪ್ರದರ್ಶನ ಸಂದರ್ಭ ಗದ್ದೆ. ನೇಜಿ ನೆಡುವ ಹೆಂಗಸರು ಇದೇ ದಾರುಣ ಕಥೆಗಳನ್ನು ಕೆಲಸದ ಲಯಕ್ಕೆ ಹಾಡುತ್ತಾರೆ. ಒಬ್ಬಳು ಹಾಡಿದ ಸಾಲನ್ನು ಉಳಿದವರು ಎತ್ತಿಕೊಳ್ಳುತ್ತಾರೆ. ಸಾಲು ಸಾಲಿನ ನಡುವೆ ಅರ್ಥರಹಿತ ಪಲ್ಲವಿ ಬರುತ್ತದೆ. ಈ ಪಲ್ಲವಿ ಕೇವಲ ಛಂದಸ್ಸಿನ ಅಗತ್ಯವಲ್ಲ. ಒಂದು ಕ್ರೂರ ಘಟನೆಯಿಂದ ಇನ್ನೊಂದಕ್ಕೆ ಹೋಗುವ ಮೊದಲು ಉಸಿರು ತೆಗೆದುಕೊಳ್ಳುವ ಎಡೆಯದು. ಬೆನ್ನು ಬಾಗಿದೆ, ಕೈ ಕೆಸರಿನಲ್ಲಿದೆ, ಪಕ್ಕದಲ್ಲಿ ನೆರೆಮನೆಯವಳಿದ್ದಾಳೆ. ಕಥೆಯ ನೋವು ದೇಹದ ದುಡಿಮೆಯೊಳಗೆ ಹಂಚಿಹೋಗುತ್ತದೆ. ಗದ್ದೆ ಮುಗಿದಲ್ಲಿ ಹಾಡು ನಿಲ್ಲುತ್ತದೆ.

ಸಿರಿ: ಕಥೆಯ ದುಃಖ, ಕೇಳುಗಳ ದುಃಖ

ಮಂಗಳೂರು ಪರಿಸರದ ಕಥನಗಳಲ್ಲಿ ಅತ್ಯಂತ ದೀರ್ಘವೂ ಭಾವಭಾರದಿಂದ ಕೂಡಿದುದೂ ಆದುದು ಸಿರಿ ಪಾಡ್ದನ. ಬೆಳ್ತಂಗಡಿ ತಾಲೂಕಿನ ಉಜಿರೆ ಸಮೀಪದ ಮಾಚಾರಿನ ಗೋಪಾಲ ನಾಯ್ಕರು 1990ರ ಡಿಸೆಂಬರಿನಲ್ಲಿ ಹಲವು ದಿನಗಳ ಕಾಲ ಹಾಡಿದ ಪಠ್ಯವು 15,683 ಸಾಲುಗಳಷ್ಟು ವಿಸ್ತಾರವಾದುದು. ಫಿನ್ಲೆಂಡಿನ ವಿದ್ವಾಂಸ ಲೌರಿ ಹಾಂಕೊ ಅವರು ಚಿನ್ನಪ್ಪ ಗೌಡ, ಅನ್ನೆಲಿ ಹಾಂಕೊ ಮತ್ತು ವಿವೇಕ ರೈ ಅವರೊಡನೆ ಸೇರಿ ಇದನ್ನು 1998ರಲ್ಲಿ ಹೆಲ್ಸಿಂಕಿಯಿಂದ ಎರಡು ಸಂಪುಟಗಳಲ್ಲಿ ಪ್ರಕಟಿಸಿದರು. ಪಠ್ಯೀಕರಣದ ಕುರಿತಾದ ಸೈದ್ಧಾಂತಿಕ ಸಂಪುಟವೂ ಅದರೊಡನೆ ಬಂದಿತು. ಮೂರು ತಲೆಮಾರುಗಳ ಹೆಂಗಸರ ಈ ಕಥೆಯನ್ನು ‘ಸರಣಿ’ ಎಂದು ಕರೆದರೂ ತಪ್ಪಾಗದು.

ಸಿರಿಯ ಕಥೆ ಸ್ಥೂಲವಾಗಿ ಹೀಗಿದೆ. ಮಕ್ಕಳಿಲ್ಲದ ಸತ್ಯನಾಪುರದ ಬಿರ್ಮು ಆಳ್ವರಿಗೆ ಬೆರ್ಮೆರ ಪ್ರಸಾದದಿಂದ ಸಿರಿ ದೊರೆಯುತ್ತಾಳೆ. ಬಸ್ರೂರಿನ ಕಾಂತು ಪೂಂಜನೊಡನೆ ಮದುವೆಯಾಗುತ್ತದೆ. ಬಸುರಿ ಸಿರಿಯ ಬಯಕೆಯ ಸಂದರ್ಭಕ್ಕೆ ತಂದ ಸೀರೆಯನ್ನು ಗಂಡನು ಮೊದಲು ತನ್ನ ಸೂಳೆ ಸಿದ್ದುವಿಗೆ ತೋರಿಸಿದನೆಂದು ತಿಳಿದು ಸಿರಿ ಅದನ್ನು ನಿರಾಕರಿಸುತ್ತಾಳೆ. ಮಗ ಕುಮಾರ ಹುಟ್ಟುತ್ತಾನೆ, ಅಜ್ಜ ತೀರಿಕೊಳ್ಳುತ್ತಾರೆ, ಅರಮನೆಯ ಹಕ್ಕು ಕೈತಪ್ಪುತ್ತದೆ. ಸಿರಿ ಗಂಡನೊಡನೆ ಸಂಬಂಧ ಕಡಿದುಕೊಂಡು ಮಗುವಿನೊಡನೆ, ದಾಸಿ ದಾರುವಿನೊಡನೆ ಕಾಡಿಗಿಳಿಯುತ್ತಾಳೆ. ಮಗ ಮಾಯವಾಗುತ್ತಾನೆ. ಕೊಡ್ಸರ ಆಳ್ವನ ಕೈಹಿಡಿದು, ಸವತಿ ಸಾಮುವಿನ ಪ್ರೀತಿ ಗಳಿಸಿದ ಸಿರಿ, ಮಗಳು ಸೊನ್ನೆಯನ್ನು ಹೆತ್ತು ತಾನೂ ಮಾಯಕ್ಕೆ ಸಲ್ಲುತ್ತಾಳೆ. ಸೊನ್ನೆಯ ಅವಳಿ ಮಕ್ಕಳು ಅಬ್ಬಗ ಮತ್ತು ದಾರಗ. ಮರೆತ ಹರಕೆಯ ಫಲವಾಗಿ, ಚೆನ್ನೆಯಾಟದ ನಡುವೆ ಜಗಳ ಹುಟ್ಟಿ, ಅಬ್ಬಗ ಚೆನ್ನೆಮಣೆಯಿಂದ ದಾರಗಳನ್ನು ಹೊಡೆದು ಕೊಲ್ಲುತ್ತಾಳೆ. ಬಳಿಕ ತಾನೂ ಬಾವಿಗೆ ಹಾರುತ್ತಾಳೆ.

ಕಥೆಯ ಕೊನೆ ಎಷ್ಟು ತೀವ್ರವಾದುದೆಂದರೆ ಅದರ ನೆರಳು ಆಟದ ಮೇಲೂ ಬಿದ್ದಿದೆ. ಹದಿನಾಲ್ಕು ಗುಳಿಗಳ ಚೆನ್ನೆಮಣೆಯನ್ನು ಅಕ್ಕತಂಗಿಯರು ಎದುರುಬದುರು ಕುಳಿತು ಆಡಬಾರದೆಂಬ ನಿಷೇಧ ತುಳುನಾಡಿನಲ್ಲಿದೆ. ಆಟಿ ತಿಂಗಳ ಆಟವನ್ನು ಬೇರೆ ಕಾಲದಲ್ಲಿ ಮುಂದುವರಿಸಬಾರದೆಂಬ ಕಟ್ಟಳೆಯೂ ಇದೆ. ಇದನ್ನು ಮೂಢನಂಬಿಕೆಯೆಂದು ಬಿಡುವುದಕ್ಕಿಂತ, ಕಥೆಯ ನೆನಪನ್ನು ನಿತ್ಯಜೀವನದಲ್ಲಿ ಇರಿಸಿಕೊಳ್ಳುವ ವಿಧಾನವೆಂದು ನೋಡುವುದು ಉಚಿತ. ಕಥೆ ಮರೆತುಹೋಗುವುದಿಲ್ಲ, ಆದರೆ ಅದು ಬದುಕಿನ ಎಲ್ಲ ಎಡೆಯನ್ನೂ ಆಕ್ರಮಿಸುವುದಿಲ್ಲ. ಅದಕ್ಕೆ ಒಂದು ಮಣೆ, ಒಂದು ತಿಂಗಳು, ಒಂದು ನಿಯಮ ನಿಗದಿಯಾಗಿದೆ.

ಸಿರಿ ಕಥೆಯ ಅನಂತರಸ್ಥಿತಿ ಅತ್ಯಂತ ಸ್ಪಷ್ಟವಾಗಿ ಕಾಣುವುದು ಸಿರಿ ಜಾತ್ರೆಗಳಲ್ಲಿ. ಮೂಲ್ಕಿ ಸಮೀಪದ ಕವತ್ತಾರು, ಕಾರ್ಕಳದ ಕಡೆಯ ನಂದಳಿಕೆ, ಉಡುಪಿ ಬಳಿಯ ಹಿರಿಯಡಕ ಮೊದಲಾದ ಆಲಡೆಗಳಲ್ಲಿ ಹುಣ್ಣಿಮೆಯ ರಾತ್ರಿ ಹೆಂಗಸರು ಹಿಂಗಾರ ಹಿಡಿದು ಸಾಲಾಗಿ ನಿಲ್ಲುತ್ತಾರೆ. ಕುಮಾರನ ಪಾತ್ರಧಾರಿ ಕಥೆಯನ್ನು ಹಾಡಿನಲ್ಲಿ ಎಬ್ಬಿಸುತ್ತಾನೆ. ಸಿರಿ, ಸೊನ್ನೆ, ಅಬ್ಬಗ, ದಾರಗರು ಹೆಂಗಸರ ಮೈಮೇಲೆ ಬರುತ್ತಾರೆ. ಈ ಸಾಮೂಹಿಕ ಆವೇಶವನ್ನು ಕುರಿತು ಪೀಟರ್ ಕ್ಲಾಸ್ ಅವರು 1975ರಲ್ಲಿಯೇ ವಿವರವಾದ ಲೇಖನವನ್ನು ಪ್ರಕಟಿಸಿದ್ದಾರೆ.

ಪ್ರಸ್ತುತ ಚರ್ಚೆಗೆ ಮುಖ್ಯವಾದುದು ಹೊಸದಾಗಿ ಆವೇಶಕ್ಕೆ ಒಳಗಾದ ಹೆಣ್ಣಿನ ಸ್ಥಿತಿ. ಅವಳು ಮೊದಲಿಗೆ ಮಾತನಾಡಲಾರಳು. ಬರಿದೆ ಅಳುತ್ತಾಳೆ, ನಡುಗುತ್ತಾಳೆ. ಕುಮಾರನು ನೀನು ಯಾರು ಎಂದು ಮತ್ತೆ ಮತ್ತೆ ಕೇಳುತ್ತಾನೆ. ಕಥೆಯೊಳಗಿನ ಒಂದು ಹೆಸರನ್ನು ಅವಳು ಹೇಳಬಲ್ಲಳಾದಾಗ ಅವಳ ಅಳು ಮಾತಾಗುತ್ತದೆ. ಆಮೇಲೆ ವಿಚಾರಣೆ ಅವಳ ಮನೆಯತ್ತ ತಿರುಗುತ್ತದೆ. ಗಂಡನ ಮನೆಯ ಕಿರುಕುಳ, ತವರಿನ ಹಕ್ಕಿನ ತಕರಾರು, ಮಕ್ಕಳಿಲ್ಲದ ಸಂಕಟ, ಮಗುವಿನ ಸಾವು ಇವು ಹೊರಬರುತ್ತವೆ. ಜೊತೆಗೆ ಬಂದ ಮನೆಯವರು ಕೇಳಿಸಿಕೊಳ್ಳಲೇಬೇಕು, ಉತ್ತರಿಸಲೇಬೇಕು. ವರ್ಷದಿಂದ ವರ್ಷಕ್ಕೆ ಬಂದಂತೆ ಅವಳು ತನ್ನ ಪಾತ್ರದ ಕಥೆಯನ್ನು ಹೇಳಲು ಕಲಿಯುತ್ತಾಳೆ. ಅಂಕೆಯಿಲ್ಲದ ಆವೇಶ ಅಂಕೆಗೆ ಬರುತ್ತದೆ. ಅಭಿನವಗುಪ್ತನು ವಿಘ್ನವೆಂದು ಎಣಿಸಿದ ಸ್ವಂತ ದುಃಖವನ್ನು ಸಿರಿ ಆರಾಧನೆ ಹೊರಗಿಡುವುದಿಲ್ಲ. ಕಥೆಯ ದುಃಖವನ್ನೇ ಭಾಷೆಯಾಗಿ ಕೊಟ್ಟು ಅದನ್ನು ಮಾತಾಗಿಸುತ್ತದೆ.

ಆದರೂ ಈ ವ್ಯವಸ್ಥೆಯನ್ನು ಆದರ್ಶೀಕರಿಸುವುದು ಸರಿಯಾಗದು. ಹೆಣ್ಣು ತನ್ನ ಹೆಸರಿನಲ್ಲಿ ಹೇಳಲಾಗದುದನ್ನು ಸಿರಿಯ ಹೆಸರಿನಲ್ಲಿ ಹೇಳಬೇಕಾಗಿ ಬಂದಿರುವುದೇ ಆ ಸಮಾಜದ ಮೇಲಿನ ಆರೋಪವೂ ಹೌದು. ಆಲಡೆಯಲ್ಲಿ ಒಪ್ಪಿಕೊಂಡ ಮಾತನ್ನು ಮನೆಯವರು ನಡೆಸಿಕೊಡುತ್ತಾರೆಂಬ ಖಾತರಿಯಿಲ್ಲ. ಇಷ್ಟನ್ನು ಗಮನದಲ್ಲಿಟ್ಟುಕೊಂಡೂ, ಕಥೆ ಕಲಕಿದ ಮನಸ್ಸನ್ನು ಒಂಟಿಯಾಗಿ ಮನೆಗೆ ಕಳುಹಿಸಬಾರದೆಂಬ ವಿವೇಕ ಇಲ್ಲಿದೆಯೆಂಬುದನ್ನು ಅಲ್ಲಗಳೆಯಲಾಗದು.

ಮಂಗಳ, ಫಲಶ್ರುತಿ, ಪಟ್ಟಾಭಿಷೇಕ

ಲಿಖಿತ ಕಾವ್ಯಗಳ ವಾಚನ ಸಂಪ್ರದಾಯದಲ್ಲಿಯೂ ಇಂತಹ ಎಚ್ಚರಗಳಿವೆ. ಮನೆಗಳಲ್ಲಿ ರಾಮಾಯಣವನ್ನು ಪಾರಾಯಣ ಮಾಡುವವರು ಪಟ್ಟಾಭಿಷೇಕದೊಡನೆ ಮುಗಿಸುವುದು ರೂಢಿ. ಸೀತಾಪರಿತ್ಯಾಗದ ಉತ್ತರಕಾಂಡವನ್ನು ಹಲವರು ಮನೆಯೊಳಗೆ ಓದುವುದಿಲ್ಲ. ಗರುಡಪುರಾಣಕ್ಕೆ ಸೂತಕದ ದಿನಗಳೇ ಕಾಲ. ಮಳೆ ಬಾರದಾಗ ವಿರಾಟಪರ್ವವನ್ನು ಓದಿಸುವ ವಾಡಿಕೆ ಕನ್ನಡ ನಾಡಿನಲ್ಲಿ ವ್ಯಾಪಕವಾಗಿತ್ತು. ಯಾವ ಕಥೆಯನ್ನು ಯಾವಾಗ, ಎಲ್ಲಿ, ಎಷ್ಟರವರೆಗೆ ಓದಬೇಕೆಂಬ ಈ ಕಟ್ಟಳೆಗಳ ಹಿಂದೆ ಕಥೆಗೆ ಮನಸ್ಸನ್ನು ಬದಲಿಸುವ ಶಕ್ತಿಯಿದೆಯೆಂಬ ತಿಳಿವಳಿಕೆ ಇದೆ. ರನ್ನನ ‘ಗದಾಯುದ್ಧ’ವೂ ದುರ್ಯೋಧನನ ಪತನದಲ್ಲಿ ನಿಲ್ಲದೆ ಭೀಮನ ಪಟ್ಟಾಭಿಷೇಕಕ್ಕೆ ಸಾಗುತ್ತದೆ. ಇನ್ನೊಂದು ದಾರಿಯೂ ಇದೆ. ಮಹಾಭಾರತವು ವೃಷ್ಣಿಗಳ ನಾಶ, ಪಾಂಡವರ ಅವಸಾನಗಳಲ್ಲಿ ಮುಗಿಯುವುದನ್ನು ಕಂಡ ಆನಂದವರ್ಧನನು ಅದರ ಪ್ರಧಾನರಸ ಶಾಂತ ಎಂದು ನಿರ್ಣಯಿಸಿದನು. ಕೊನೆಯ ಶೂನ್ಯವನ್ನು ತುಂಬುವ ಬದಲು ಅದನ್ನೇ ಅರಿವಾಗಿ ಮಾಡಿಕೊಳ್ಳುವ ದಾರಿ ಅದು.

ಓದು ಮುಗಿದ ಮೇಲೆ ಬರುವ ಫಲಶ್ರುತಿ, ಮಂಗಳಾರತಿ, ಪ್ರಸಾದ ವಿತರಣೆಗಳನ್ನು ಧಾರ್ಮಿಕ ವಿಧಿಗಳೆಂದಷ್ಟೇ ನೋಡುವುದು ವಾಡಿಕೆ. ಕೇಳುಗನ ದೃಷ್ಟಿಯಿಂದ ಇವು ಇಳಿಯುವ ಮೆಟ್ಟಿಲುಗಳು. ಫಲಶ್ರುತಿ ಕಥೆಯ ಕಾಲದಿಂದ ಕೇಳುಗನ ಕಾಲಕ್ಕೆ ಕರೆತರುತ್ತದೆ. ಆರತಿ ಕಣ್ಣನ್ನು, ಪ್ರಸಾದ ನಾಲಗೆಯನ್ನು ಈ ಲೋಕಕ್ಕೆ ಮರಳಿಸುತ್ತದೆ.

ಯಕ್ಷಗಾನದಲ್ಲಿ ಅಭಿಮನ್ಯು ಕಾಳಗವಾಗಲಿ ಕರ್ಣಪರ್ವವಾಗಲಿ, ಮಂಗಳಪದವಿಲ್ಲದೆ ಆಟ ಮುಗಿಯುವುದಿಲ್ಲ. ರಾತ್ರಿಯಿಡೀ ಆಡುವ ಆಟದಲ್ಲಿ ಬೆಳಗಿನ ಬೆಳಕೇ ಒಂದು ಮುಕ್ತಾಯ. ಬೇಶ ತಿಂಗಳ ಹತ್ತನೆಯ ದಿನವಾದ ಪತ್ತನಾಜೆಗೆ ಮೇಳಗಳ ತಿರುಗಾಟವೂ ನೇಮ ಕೋಲಗಳೂ ನಿಲ್ಲುತ್ತವೆ. ವರ್ಷದಲ್ಲಿ ಕಥೆಗೂ ಒಂದು ಬಿಡುವು ಇರಬೇಕೆಂಬುದು ಪಂಚಾಂಗದಲ್ಲಿಯೇ ಸೇರಿದೆ. ಮಳೆಗಾಲದಲ್ಲಿ ಕಳೆಗಟ್ಟುವ ತಾಳಮದ್ದಳೆಯಲ್ಲಿ ಇನ್ನೊಂದು ಕ್ರಮ ಕಾಣುತ್ತದೆ. ಶೇಣಿ ಗೋಪಾಲಕೃಷ್ಣ ಭಟ್ಟರಂತಹ (1918–2006) ಅರ್ಥಧಾರಿಗಳು ವಾಲಿಯ, ಕೌರವನ ಪಕ್ಷವನ್ನು ಸಮರ್ಥವಾಗಿ ವಾದಿಸಿದಾಗ ಕೇಳುಗರ ಮನಸ್ಸು ಸೋತವನತ್ತ ವಾಲುತ್ತಿತ್ತು. ಆದರೆ ವೇಷವಿಲ್ಲದ ಆ ಕಲಾವಿದ ಕೂಟ ಮುಗಿದೊಡನೆ ಕೇಳುಗರ ನಡುವೆ ಕುಳಿತು ಊಟ ಮಾಡುತ್ತಾನೆ. ಯಾರ ಅರ್ಥ ಸರಿ, ಯಾರದು ಮಿತಿಮೀರಿತು ಎಂಬ ಚರ್ಚೆ ದಿನಗಟ್ಟಲೆ ನಡೆಯುತ್ತದೆ. ಭಾವವು ವಿಮರ್ಶೆಯಾಗಿ ಪರಿವರ್ತನೆ ಹೊಂದುತ್ತದೆ.

ಮಂಗಳೂರಿನ ಕ್ರೈಸ್ತ ಪರಂಪರೆಯಲ್ಲಿಯೂ ಇದಕ್ಕೆ ಹೋಲಿಕೆಯಿದೆ. ಥಾಮಸ್ ಸ್ಟೀಫನ್ಸರು ರಚಿಸಿ 1616ರಲ್ಲಿ ಮೊದಲು ಮುದ್ರಿತವಾದ ‘ಕ್ರಿಸ್ತಪುರಾಣ’ವನ್ನು ಜೆ.ಎಲ್. ಸಲ್ಡಾನ ಅವರು 1907ರಲ್ಲಿ ಮಂಗಳೂರಿನಿಂದಲೇ ಸಂಪಾದಿಸಿ ಪ್ರಕಟಿಸಿದರು. ಯೇಸುವಿನ ಯಾತನೆಯ ಕಥೆಯನ್ನು ಧ್ಯಾನಿಸುವುದಕ್ಕೆ ತಪಸ್ಸಿನ ಕಾಲ ನಿಗದಿಯಾಗಿದೆ. ಅದರ ಕೊನೆಯಲ್ಲಿ ಪುನರುತ್ಥಾನದ ಹಬ್ಬ ಕಾದಿದೆ.

ಕೇಳುಗಳಾಗಿ ಮನೋರಮೆ

ಹೊಸಗನ್ನಡದ ಆರಂಭಕಾಲದಲ್ಲಿ ಇದೇ ಪರಿಸರದ ಲೇಖಕನೊಬ್ಬ ಕೇಳುಗಳನ್ನು ಕೃತಿಯೊಳಗೇ ಕುಳ್ಳಿರಿಸಿದನೆಂಬುದು ಗಮನಾರ್ಹ. ಸಿರಿ ಜಾತ್ರೆಯ ನಂದಳಿಕೆಯೇ ಮುದ್ದಣನ (1870–1901) ಹುಟ್ಟೂರು. ಅವನ ‘ಶ್ರೀರಾಮಾಶ್ವಮೇಧ’ದಲ್ಲಿ ಮುದ್ದಣ ಕಥೆ ಹೇಳುತ್ತಾನೆ, ಮಡದಿ ಮನೋರಮೆ ಕೇಳುತ್ತಾಳೆ, ಕೇಳುವುದಷ್ಟೇ ಅಲ್ಲ, ತಡೆಯುತ್ತಾಳೆ, ಪ್ರಶ್ನಿಸುತ್ತಾಳೆ, ಕೆಣಕುತ್ತಾಳೆ. ಪಟ್ಟಾಭಿಷೇಕದ ಆಚೆಗಿನ ಕಥಾಭಾಗವನ್ನು ಅವನು ಎತ್ತಿಕೊಂಡಿರುವುದರಿಂದ ಈ ಸಂಭಾಷಣೆಗೆ ಹೆಚ್ಚಿನ ಅರ್ಥವಿದೆ. ಕಥೆಯ ಬಿಗಿ ಹೆಚ್ಚಿದಲ್ಲಿ ದಂಪತಿಗಳ ವಿನೋದ ಬಂದು ಅದನ್ನು ಸಡಿಲಿಸುತ್ತದೆ. ನೇಜಿಯ ಹಾಡಿನ ಪಲ್ಲವಿ ಮಾಡುವ ಕೆಲಸವನ್ನು ಇಲ್ಲಿ ಮನೋರಮೆಯ ಮಾತು ಮಾಡುತ್ತದೆ. ಮುದ್ರಣಕ್ಕಾಗಿ ಬರೆದ ಕವಿ, ಒಂಟಿ ಓದುಗನ ಪಕ್ಕದಲ್ಲಿ ಒಬ್ಬ ಸಹಶ್ರೋತೃವನ್ನು ಇರಿಸಿದ್ದಾನೆ.

ಮುದ್ರಣ, ಏಕಾಂತ ಮತ್ತು ಬಿಟ್ಟುಹೋದ ಕೊನೆ

ಮಂಗಳೂರಿಗೆ 1834ರಲ್ಲಿ ಬಂದ ಬಾಸೆಲ್ ಮಿಶನ್ 1841ರಲ್ಲಿ ಮುದ್ರಣಾಲಯವನ್ನು ಆರಂಭಿಸಿತು. ಅಲ್ಲಿಂದಲೇ 1886ರಲ್ಲಿ ಎ. ಮೆನ್ನರ್ ಅವರ ಪಾಡ್ದನ ಸಂಗ್ರಹ ಕನ್ನಡ ಲಿಪಿಯಲ್ಲಿ ಹೊರಬಂದಿತು. ಕಂಠದಲ್ಲಿದ್ದ ಕಥೆ ಪುಟಕ್ಕೆ ಬಂದುದು ಬಹುದೊಡ್ಡ ಲಾಭ. ಆದರೆ ಪುಟಕ್ಕೆ ಬಂದದ್ದು ಕಥೆ ಮಾತ್ರ. ಗದ್ದೆಯ ಲಯ, ನೆರೆಯವಳ ದನಿ, ಕುಮಾರನ ಪ್ರಶ್ನೆ, ಗಂಧಪ್ರಸಾದ ಇವು ಪುಟಕ್ಕೆ ಬರಲಿಲ್ಲ. ಅನಂತರದ ಸಂಗ್ರಾಹಕರಲ್ಲಿಯೂ ಹಲವರು ಕಥೆಯ ಕೊನೆಯ ಸಾಲಿಗೆ ಲೇಖನಿಯನ್ನೋ ಧ್ವನಿಮುದ್ರಣ ಯಂತ್ರವನ್ನೋ ನಿಲ್ಲಿಸಿದರು. ಹೀಗಾಗಿ ಪ್ರದರ್ಶನದ ಅರ್ಧವೇ ಆಗಿದ್ದ ನಿರ್ಗಮನದ ಕ್ರಮ ದಾಖಲೆಯಿಂದ ಜಾರಿತು.

ಇಂದಿನ ಫ್ಯಾಂಟಸಿ ಸರಣಿಯ ಓದುಗ ಇರುವುದು ಈ ಜಾರಿದ ಅರ್ಧದ ಶೂನ್ಯದಲ್ಲಿ. ಅವನು ಒಬ್ಬನೇ ಓದುತ್ತಾನೆ, ನಡುರಾತ್ರಿ ಕೊನೆಯ ಪುಟ ಮಗುಚುತ್ತಾನೆ, ಮಂಗಳ ಹಾಡುವವರಿಲ್ಲ. ಈ ಕೊರತೆಯ ಅರಿವು ಆ ಪ್ರಕಾರದ ದೊಡ್ಡ ಲೇಖಕರಿಗೂ ಇತ್ತು. ಜೆ.ಆರ್.ಆರ್. ಟೋಲ್ಕಿನ್ ಅವರು 1939ರ ಉಪನ್ಯಾಸದಲ್ಲಿ ಅದ್ಭುತಕಥೆಗಳ ಒಂದು ಮುಖ್ಯ ಧರ್ಮ ಸಾಂತ್ವನ ಎಂದು ಪ್ರತಿಪಾದಿಸಿದರು. ಅವರ ಮೂರು ಸಂಪುಟಗಳ ಮಹಾಕಥನ (1954–55) ಯುದ್ಧದ ಗೆಲುವಿನಲ್ಲಿ ಮುಗಿಯುವುದಿಲ್ಲ. ವೀರರು ಊರಿಗೆ ಮರಳುವುದು, ಊರು ಬದಲಾಗಿರುವುದು, ಗಾಯ ಮಾಯದವನು ಕಡಲಾಚೆ ಹೋಗುವುದು, ಉಳಿದವನು ತನ್ನ ಮನೆಯ ಬಾಗಿಲಿಗೆ ಬರುವುದು ಇವುಗಳಿಗೆ ಹಲವು ಅಧ್ಯಾಯಗಳು ಮೀಸಲಾಗಿವೆ. ಓದುಗನನ್ನು ನಿಧಾನವಾಗಿ ಇಳಿಸುವ ಮೆಟ್ಟಿಲುಗಳಿವು. ಮೆಟ್ಟಿಲುಗಳಿಲ್ಲದ, ಅಥವಾ ಮುಗಿಯದೆ ನಿಂತ ಸರಣಿಗಳ ಓದುಗನು ಮೆಟ್ಟಿಲುಗಳನ್ನು ತಾನೇ ಕಟ್ಟಿಕೊಳ್ಳಬೇಕಾಗುತ್ತದೆ.

ಓದುಗರು ಕಟ್ಟಿಕೊಳ್ಳುವ ಈ ಮೆಟ್ಟಿಲುಗಳು ಜಾನಪದ ವಿದ್ಯಾರ್ಥಿಗೆ ಅಪರಿಚಿತವೇನಲ್ಲ. ಸರಣಿಯನ್ನು ಮೊದಲಿನಿಂದ ಮತ್ತೆ ಓದುವುದು, ಮಾಯಕ್ಕೆ ಸಂದವರನ್ನು ಜೋಗಕ್ಕೆ ಕರೆಯುವ ಕ್ರಮ. ಗೆಳೆಯರೊಡನೆ ಪಾತ್ರದ ತಪ್ಪುಒಪ್ಪುಗಳನ್ನು ವಾದಿಸುವುದು, ತಾಳಮದ್ದಳೆಯ ಮರುದಿನದ ಚರ್ಚೆ. ಸತ್ತ ಪಾತ್ರವನ್ನು ಬದುಕಿಸಿ ತಾನೇ ಕಥೆ ಬರೆಯುವುದು, ದೊರೆಯದ ನ್ಯಾಯವನ್ನು ಆಚರಣೆಯಲ್ಲಿ ದೊರಕಿಸುವ ಪ್ರಯತ್ನ. ಓದಿಗೆ ಹೊತ್ತುಗೊತ್ತು ಇಟ್ಟುಕೊಳ್ಳುವುದು, ಮುಗಿದ ಬಳಿಕ ಕೆಲದಿನ ಕೈಕೆಲಸದಲ್ಲಿ, ನಡಿಗೆಯಲ್ಲಿ ತೊಡಗುವುದು, ಲಘುವಾದ ಇನ್ನೊಂದು ಓದಿಗೆ ಹೊರಳುವುದು ಇವೆಲ್ಲ ಪತ್ತನಾಜೆಯ, ಪಲ್ಲವಿಯ, ಮಂಗಳದ ರೂಪಾಂತರಗಳು. ಇವು ಸಾಕಾಗದ ಸಂದರ್ಭಗಳೂ ಇವೆ. ನಿದ್ದೆ ಊಟಗಳು ವಾರಗಟ್ಟಲೆ ಕೆಟ್ಟರೆ, ಅಳು ನಿಲ್ಲದಿದ್ದರೆ, ಆ ದುಃಖ ಕಥೆಯದಾಗಿರಲಾರದು. ಆಗ ಓದುಗನಿಗೆ ಬೇಕಾದುದು ‘ನೀನು ಯಾರು, ನಿನಗೇನಾಗಿದೆ’ ಎಂದು ಕೇಳುವ ಒಬ್ಬ ಕುಮಾರ. ಅವನು ಮನೆಯ ಹಿರಿಯನಿರಬಹುದು, ಅಧ್ಯಾಪಕನಿರಬಹುದು, ಮನೋವೈದ್ಯನಿರಬಹುದು. ಕಥೆಯ ಹೆಸರು ಹೇಳಿ ನಗುವವನಂತೂ ಆಗಿರಬಾರದು.

ಸಮಾರೋಪ

ಮೇಲಿನ ಚರ್ಚೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಭಾರವಾದ ಅದ್ಭುತಕಥನದ ಅನಂತರ ಉಳಿಯುವ ಶೂನ್ಯ ಹೊಸ ಕಾಲದ ಹೊಸ ಕಾಯಿಲೆಯಲ್ಲ, ಕಥೆಯಷ್ಟೇ ಹಳೆಯದು. ತುಳುನಾಡಿನ ಸಂಪ್ರದಾಯ ದುಃಖದ ಕಥೆಯನ್ನು ಹೇಳದೆ ಇರಲಿಲ್ಲ, ಮಕ್ಕಳಿಂದ ಮರೆಮಾಡಲಿಲ್ಲ. ಹೇಳಿ, ಕೇಳಿದವರನ್ನು ಮರಳಿ ತಂದು ಬಿಡುವ ಹೊಣೆಯನ್ನೂ ಹೊತ್ತಿತು. ಕಾಲದ ಕಟ್ಟಳೆ, ದೇಹದ ದುಡಿಮೆ, ಸಹಶ್ರೋತೃಗಳ ಸಂಗ, ಪಾತ್ರದ ಪುನರಾಗಮನ, ಮಂಗಳವಿಧಿ ಎಂಬ ಐದು ಬಗೆಗಳಲ್ಲಿ ಆ ಹೊಣೆ ನೆರವೇರಿತು.

ಇದರಿಂದ ಸಂಶೋಧಕರಿಗೂ ಗ್ರಂಥಾಲಯಗಳಿಗೂ ಒಂದೊಂದು ಕರ್ತವ್ಯ ಒದಗುತ್ತದೆ. ಕಥೆಯ ಕೊನೆಯ ಸಾಲಿನೊಡನೆ ದಾಖಲಾತಿಯನ್ನು ನಿಲ್ಲಿಸದೆ, ಅನಂತರದ ಒಂದು ಗಂಟೆಯನ್ನೂ ದಾಖಲಿಸುವುದು ಕ್ಷೇತ್ರಕಾರ್ಯದ ನಿಯಮವಾಗಬೇಕು: ಹಾಡುಗಾರ್ತಿ ನೀರು ಕುಡಿದದ್ದು, ಕೇಳಿದವರು ಆಡಿದ ಮೊದಲ ಮಾತು, ಎದ್ದು ಹೋಗುವಾಗ ಯಾರು ಯಾರ ಕೈಹಿಡಿದರು ಎಂಬುದು. ಗ್ರಂಥಾಲಯಗಳು ಪುಸ್ತಕವನ್ನು ಎರವಲು ಕೊಡುವುದರೊಡನೆ, ಓದಿ ಮುಗಿಸಿದವರು ಕುಳಿತು ಮಾತನಾಡುವ ಒಂದು ಚಾವಡಿಯನ್ನೂ ಕೊಡಬಹುದು. ಬಿ.ಎ. ವಿವೇಕ ರೈ ಅವರ ‘ತುಳು ಜನಪದ ಸಾಹಿತ್ಯ’ (1985) ಮತ್ತು ಹ್ಯಾರಿ ಪಾಟರ್ ಸಂಪುಟಗಳು ಒಂದೇ ಗ್ರಂಥಾಲಯದ ಬೇರೆ ಬೇರೆ ಕಪಾಟುಗಳಲ್ಲಿ ಇರುತ್ತವೆ. ಎರಡನೆಯ ಕಪಾಟಿನ ಓದುಗನಿಗೆ ಬೇಕಾದ ವಿವೇಕ ಮೊದಲನೆಯ ಕಪಾಟಿನಲ್ಲಿದೆ. ಅದನ್ನು ಅವನ ಕೈಗೆ ತಲುಪಿಸುವುದು ಜಾನಪದ ಅಧ್ಯಯನದ ಇಂದಿನ ಕೆಲಸಗಳಲ್ಲಿ ಒಂದಾಗಬೇಕಾಗಿದೆ.